ಎಸ್ಪ್ರೆಸೊ ಯಂತ್ರಕ್ಕೆ ನಲವತ್ತು ಸಾವಿರ ಬೇಕೇ?



ವಡೋದರಾದ ಕೇಳುಗರೊಬ್ಬರು ಕಾರ್ಯಕ್ರಮಕ್ಕೆ ಒಂದು ಪ್ರಶ್ನೆ ಕಳಿಸಿದ್ದಾರೆ. ಕಾಲೇಜಿಗೆ ಹೋಗುವ ಮಗಳಿಗೆ ಕೆಫೆ ಕಾಫಿಯ ರುಚಿ ಹತ್ತಿದೆ, ಕಪ್ಪಿಗೆ ಇನ್ನೂರು ರೂಪಾಯಿ. ದೀಪಾವಳಿ ಬೋನಸ್ಸಿನಲ್ಲಿ 40 ಸಾವಿರದ ಎಸ್ಪ್ರೆಸೊ ಯಂತ್ರ ತಂದುಬಿಡೋಣ ಅಂತ ಯಜಮಾನರು. ಅಷ್ಟು ದುಡ್ಡು ಕಾಫಿಗೆ ಸುರಿಯೋದೇ ಅಂತ ಮನೆಯಾಕೆ. ತೀರ್ಪು ನನ್ನ ತಲೆಗೆ ಕಟ್ಟಿದ್ದಾರೆ!

ಮೊದಲಿಗೆ ಒಂದು ಮಾತು. ಇಲ್ಲಿನ ಮದುವೆ ಊಟಗಳಲ್ಲಿ 'ಎಸ್ಪ್ರೆಸೊ' ಅಂತ ಕೊಡುತ್ತಾರಲ್ಲ, ಅದು ಇನ್‌ಸ್ಟಂಟ್ ಪುಡಿ, ಸಕ್ಕರೆ, ಹಾಲಿಗೆ ಹಬೆ ಊದಿ ನೊರೆ ಎಬ್ಬಿಸಿದ್ದು. ಚಳಿಗಾಲದಲ್ಲಿ ಸೊಗಸಾಗಿರುತ್ತೆ, ಆದರೆ ಎಸ್ಪ್ರೆಸೊ ಅಲ್ಲ. ನಿಜವಾದ ಎಸ್ಪ್ರೆಸೊಗೆ ಸುಮಾರು 18 ಗ್ರಾಂ ನುಣ್ಣನೆಯ ಪುಡಿಯನ್ನು ಒತ್ತಿ ತುಂಬಿ, 93 ಡಿಗ್ರಿ ಆಸುಪಾಸಿನ ನೀರನ್ನು 9 ಬಾರ್ ಒತ್ತಡದಲ್ಲಿ ಹಾಯಿಸಬೇಕು. ಅಂದರೆ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು ಒಂಬತ್ತು ಪಟ್ಟು. ಅರ್ಧ ನಿಮಿಷದೊಳಗೆ 36 ಗ್ರಾಂನಷ್ಟು ಗಟ್ಟಿ ಕಷಾಯ ಇಳಿಯುತ್ತದೆ. ನಮ್ಮ ಫಿಲ್ಟರಿನಲ್ಲಿ ನೀರು ತನ್ನ ಭಾರಕ್ಕೆ ತಾನೇ ತೊಟ್ಟಿಕ್ಕುವುದರಿಂದ ಡಿಕಾಕ್ಷನ್ನಿಗೆ ಕಾಯಬೇಕು, ಅಷ್ಟೇ ವ್ಯತ್ಯಾಸ.

ಹಳೆಯ ಯಂತ್ರಗಳು ಬರೀ ಹಬೆಯಿಂದ ನೀರು ನೂಕುತ್ತಿದ್ದವು, ಒತ್ತಡ ಒಂದೂವರೆ ಬಾರ್ ಆದರೆ ಹೆಚ್ಚು. 1940ರ ದಶಕದಲ್ಲಿ ಮಿಲಾನಿನ ಅಕಿಲ್ಲೆ ಗಾಜಿಯಾ ಸನ್ನೆ ಎಳೆಯುವ ಯಂತ್ರ ತಂದ ಮೇಲೆಯೇ ಮೇಲಿನ ಕಂದು ನೊರೆ, ಅಂದರೆ 'ಕ್ರೆಮಾ' ಕಾಣಿಸಿಕೊಂಡಿದ್ದು. ಈಗ ಐದಾರು ಸಾವಿರಕ್ಕೆ ಸಿಗುವ ಪಂಪಿಲ್ಲದ ಯಂತ್ರಗಳು ಆ ಹಳೆಯ ಹಬೆ ಕಾಲದವೇ. ಅವುಗಳ ಬದಲು ಸ್ಟವ್ ಮೇಲಿಡುವ ಮೋಕಾ ಪಾಟ್ ಕೊಂಡರೆ ದುಡ್ಡೂ ಉಳಿಯುತ್ತೆ, ಕಾಫಿಯೂ ಚೆನ್ನಾಗಿರುತ್ತೆ.

ಪಂಪಿರುವ ಯಂತ್ರ ಹತ್ತು ಹದಿನೈದು ಸಾವಿರದಿಂದ ಶುರು. ಡಬ್ಬದ ಮೇಲೆ '15 ಬಾರ್', '20 ಬಾರ್' ಅಂತ ದಪ್ಪಕ್ಷರ ಕಂಡು ಮಾರುಹೋಗಬೇಡಿ. ಅದು ಪಂಪಿನ ಗರಿಷ್ಠ ತಾಕತ್ತು. ಪುಡಿಗೆ ಬೇಕಿರುವುದು ಆ ಒಂಬತ್ತೇ. ಇನ್ನೂ ದುಬಾರಿ ಯಂತ್ರದಲ್ಲಿ ಸಿಗುವುದು ಏನು? ನೀರಿನ ಶಾಖ ಏರುಪೇರಾಗದೆ ನಿಲ್ಲುತ್ತೆ, ಕಾಫಿ ಇಳಿಯುವಾಗಲೇ ಹಾಲಿಗೂ ಹಬೆ ಕೊಡಬಹುದು, ಲೋಹದ ಭಾಗಗಳು ಗಟ್ಟಿ. ದಿನಾ ಹತ್ತು ಕಪ್ ಮಾಡುವವರಿಗೆ ಇದು ಸಾರ್ಥಕ. ಎರಡು ಕಪ್ಪಿನ ಮನೆಗೆ ಅಷ್ಟೇನಲ್ಲ.

ನಿಜವಾದ ಗುಟ್ಟು ಇರುವುದು ಗ್ರೈಂಡರಿನಲ್ಲಿ. ಮಿಕ್ಸಿ ಬೀಜವನ್ನು ಅರೆಯುವುದಿಲ್ಲ, ಕೊಚ್ಚುತ್ತದೆ. ತರಿಯೂ ಉಂಟು, ಹಿಟ್ಟೂ ಉಂಟು. ಒತ್ತಡದ ನೀರಿಗೆ ಸಿಕ್ಕಾಗ ತರಿ ಪೂರ್ತಿ ಬಿಡದೆ ಹುಳಿಯಾಗುತ್ತೆ, ಹಿಟ್ಟು ಅತಿಯಾಗಿ ಬಿಟ್ಟು ಕಹಿಯಾಗುತ್ತೆ. ಒಂದೇ ಕಪ್ಪಿನಲ್ಲಿ ಎರಡೂ! ಲಕ್ಷ ರೂಪಾಯಿಯ ಯಂತ್ರವೂ ಇದನ್ನು ಸರಿಪಡಿಸಲಾರದು. ಅಗ್ಗದ ಯಂತ್ರಗಳು ಎರಡು ತಳದ ಜಾಲರಿ ಕೊಟ್ಟು, ಒಂದೇ ಸಣ್ಣ ತೂತಿನಿಂದ ಕಾಫಿ ಚಿಮ್ಮಿಸಿ ನೊರೆ ಎಬ್ಬಿಸುತ್ತವೆ. ನೋಡಲು ಚಂದ, ರುಚಿ ಅಷ್ಟಕ್ಕಷ್ಟೇ.

ಇನ್ನು ಬೀಜ. ಬೆಂಗಳೂರಿನಿಂದ ಬಂದ ನೆಂಟರು ತಂದ ಪುಡಿಯನ್ನು ಮೂರು ತಿಂಗಳು ಫ್ರಿಜ್ಜಿನಲ್ಲಿಟ್ಟು ಬಳಸುವ ರೂಢಿ ನಮ್ಮಲ್ಲಿದೆ. ಫಿಲ್ಟರಿಗೆ ಹೇಗೋ ನಡೆದೀತು, ಎಸ್ಪ್ರೆಸೊಗೆ ನಡೆಯದು. ಚಿಕೋರಿ ಬೆರೆಸಿದ ಪುಡಿಯಂತೂ ನೀರನ್ನು ತಡೆದು ಯಂತ್ರ ಕಟ್ಟಿಕೊಳ್ಳುವಂತೆ ಮಾಡಬಹುದು. ಹುರಿದ ದಿನಾಂಕ ಅಚ್ಚಾದ ಪ್ಯಾಕೆಟ್ ತರಿಸಿ, ತಿಂಗಳೊಳಗೆ ಮುಗಿಸಿ. ಚಿಕ್ಕಮಗಳೂರಿನ ಬೀಜ ಕೊರಿಯರಿನಲ್ಲಿ ಸೂರತ್‌ಗೂ ಬರುತ್ತೆ. ಆದರೆ ಸೂರತ್ತಿನ ಮಳೆಗಾಲದ ತೇವಕ್ಕೆ ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ.

ಲೆಕ್ಕ ಹಾಕೋಣ. 250 ಗ್ರಾಂ ಬೀಜಕ್ಕೆ 500 ರೂಪಾಯಿ ಎಂದಿಟ್ಟುಕೊಂಡರೆ 13 ಕಪ್. ಹಾಲೂ ಸೇರಿ ಕಪ್ಪಿಗೆ 50 ರೂಪಾಯಿ ಆಯಿತು. ಕೆಫೆಗಿಂತ 150 ಉಳಿತಾಯ. ಮಗಳು ದಿನಾ ಒಂದು ಕಪ್ ಕುಡಿದರೆ 40 ಸಾವಿರ ಹುಟ್ಟಲು ಒಂಬತ್ತು ತಿಂಗಳು. ವಾರಕ್ಕೊಂದಾದರೆ ಐದು ವರ್ಷ ದಾಟಿತು, ಆಗ ಮಗಳು ಯಾವ ಊರಿನಲ್ಲಿರುತ್ತಾಳೋ!

ಹಾಗಾಗಿ ತೀರ್ಪು ಹೀಗೆ: ಒಂದೆರಡು ತಿಂಗಳು ಐದಾರು ಸಾವಿರದ ಒಳ್ಳೆ ಕೈ ಗ್ರೈಂಡರ್ ಮತ್ತು ಮೋಕಾ ಪಾಟ್ ಇಟ್ಟು ನೋಡಿ. ದಿನಾ ಬೀಜ ಅರೆಯುವ ಉತ್ಸಾಹ ಉಳಿದರೆ ಪಂಪಿನ ಸಾಧಾರಣ ಯಂತ್ರ ಕೊಳ್ಳಿ, ಒಂದು ತಳದ ಜಾಲರಿ ಸಿಗುತ್ತದೆಯೇ, ನಿಮ್ಮೂರಲ್ಲೇ ರಿಪೇರಿ ಉಂಟೇ ಎಂದು ಕೇಳಿಕೊಂಡು. ಗ್ರೈಂಡರ್ ಕೈಯಲ್ಲಿರುತ್ತೆ, ಒಟ್ಟು ಖರ್ಚು 40 ಸಾವಿರ ಮುಟ್ಟದು. ಮನೆಯಲ್ಲಿ ಎಲ್ಲರಿಗೂ ಲೋಟದ ತುಂಬ ಹಾಲಿನ ಚಿಕೋರಿ ಕಾಫಿಯೇ ಇಷ್ಟವಾದರೆ ಸ್ಟೀಲ್ ಫಿಲ್ಟರನ್ನು ಬಿಡಬೇಡಿ.

ಅಹಮದಾಬಾದಿನ ಬೋರ್ ನೀರಿನ ಸೊಸೈಟಿಗಳವರಿಗೆ ಒಂದು ಸೂಚನೆ. ಗಡಸು ನೀರು ಕಾದು ಯಂತ್ರದೊಳಗೆ ಸುಣ್ಣ ಕಟ್ಟುತ್ತದೆ. ಯಂತ್ರದ ಕೈಪಿಡಿ ಒಪ್ಪಿದರೆ ಎರಡು ಮೂರು ತಿಂಗಳಿಗೊಮ್ಮೆ ಸಿಟ್ರಿಕ್ ಆಸಿಡ್ ಬೆರೆಸಿದ ನೀರು ಹಾಯಿಸಿ, ಆಮೇಲೆ ಎರಡು ಸಲ ಬರೀ ನೀರು ಬಿಡಿ. ಕಿರಾಣಿ ಅಂಗಡಿಯಲ್ಲಿ 'ಲೀಂಬು ನಾ ಫೂಲ್' ಎಂದು ಕೇಳಿ, ಕೊಡುತ್ತಾರೆ.