ಕೋಲಿಗೆ ಕೋಲು, ತಾಳಕ್ಕೆ ಕಾಲು

ಕೊಡಂಗಲ್ ಮತ್ತು ತಾಂಡೂರು 1956ರ ನವೆಂಬರ್ 1ರವರೆಗೆ ಗುಲಬರ್ಗಾ ಜಿಲ್ಲೆಯ ತಾಲ್ಲೂಕುಗಳು. ರಾಜ್ಯ ಪುನರ್ವಿಂಗಡಣೆಯಾದಾಗ ಅವು ಆಂಧ್ರಕ್ಕೆ ಸೇರಿದವು, ಈಗ ತೆಲಂಗಾಣದ ವಿಕಾರಾಬಾದ್ ಜಿಲ್ಲೆಯಲ್ಲಿವೆ. ಗಡಿಯ ಆಚೆ ಈಚೆ ಕೋಲಾಟ ಮಾತ್ರ ಇಬ್ಬರದೂ ಆಗಿ ಉಳಿದಿದೆ. ಹಾಡುವ ಪದ ಕನ್ನಡದ್ದಿರಲಿ, ತೆಲುಗಿನದಿರಲಿ, ತಾಳ ಬಿದ್ದ ಗಳಿಗೆಗೆ ಕೋಲಿಗೆ ಕೋಲು ತಾಗಬೇಕು, ಕಾಲು ಮುಂದಿನ ಜಾಗಕ್ಕೆ ಸರಿದಿರಬೇಕು. ಆರೇಳು ವರ್ಷದ ಮಗು ಇದನ್ನು ಕಲಿಯುವಾಗ ಅದರ ಮೆದುಳಿನಲ್ಲೂ ಎಲುಬಿನಲ್ಲೂ ನಡೆಯುವ ಕೆಲಸ ಸಣ್ಣದಲ್ಲ.

ತಾಳದ ಅರಿವು ಹುಟ್ಟಿನಿಂದಲೇ ಬರುತ್ತದೆ. 2009ರಲ್ಲಿ ಹಂಗೇರಿಯ ಇಸ್ತ್ವಾನ್ ವಿಂಕ್ಲರ್ ಮತ್ತು ಸಂಗಡಿಗರು ಎರಡು-ಮೂರು ದಿನದ ಶಿಶುಗಳಿಗೆ ತಾಳ ಕೇಳಿಸಿ ಮೆದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸಿದರು. ಮುಖ್ಯ ಪೆಟ್ಟು ತಪ್ಪಿಸಿದಾಗಲೆಲ್ಲ ನಿದ್ದೆಯಲ್ಲಿದ್ದ ಶಿಶುವಿನ ಮೆದುಳು ಅದನ್ನು ಗುರುತಿಸಿತು. ಕಿವಿಗೆ ಗೊತ್ತಾದದ್ದು ಕಾಲಿಗೆ ಗೊತ್ತಾಗಲು ಮಾತ್ರ ವರ್ಷಗಳು ಬೇಕು. ನಾಲ್ಕು ವರ್ಷದ ಮಗು ತಾಳಕ್ಕಿಂತ ತನ್ನ ವೇಗದಲ್ಲೇ ಕುಣಿಯುತ್ತದೆ. ಅದನ್ನು ಗದರಿಸುವುದರಲ್ಲಿ ಅರ್ಥವಿಲ್ಲ.

ನುರಿತವರ ಕೈ ಹೇಗೆ ನಡೆಯುತ್ತದೆ ನೋಡಿ. ತಾಳ ಕೇಳಿದ ಮೇಲೆ ಕೋಲು ಬೀಸಿದರೆ ತಡವಾಗಿಹೋಗುತ್ತದೆ, ಏಕೆಂದರೆ ಸದ್ದು ಕೇಳಿ ಸ್ನಾಯು ಕದಲುವಷ್ಟರಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಕಳೆದಿರುತ್ತದೆ. ಹಾಗಾಗಿ ಮೆದುಳು ಮುಂದಿನ ಪೆಟ್ಟನ್ನು ಮೊದಲೇ ಊಹಿಸುತ್ತದೆ. ತಾಳಕ್ಕೆ ಬೆರಳು ತಟ್ಟಲು ಹೇಳಿದರೆ ಜನ ಸಾಮಾನ್ಯವಾಗಿ ಸದ್ದಿಗಿಂತ ಹತ್ತಾರು ಮಿಲಿಸೆಕೆಂಡು ಮೊದಲೇ ತಟ್ಟುತ್ತಾರೆ. ಈ ಊಹೆ ಹದಗೊಳ್ಳುವುದು ತಪ್ಪಿನಿಂದ. ಉದ್ದೇಶಿಸಿದ ಚಲನೆಗೂ ನಡೆದ ಚಲನೆಗೂ ಇರುವ ಅಂತರವನ್ನು ಹಿಮ್ಮೆದುಳಿನ ಸೆರೆಬೆಲ್ಲಮ್ ತಿದ್ದುತ್ತ ಹೋಗುತ್ತದೆ. ಕೋಲಾಟದಲ್ಲಿ ಆ ತಪ್ಪು ಮುಚ್ಚಿಡಲು ಬಾರದ್ದು: ಎರಡು ಕೋಲು ಸರಿಯಾಗಿ ಸೇರಿದರೆ ಒಂದೇ ‘ಖಣ್’, ತುಸು ಹಿಂದೆ ಮುಂದೆಯಾದರೆ ಎರಡು ಸದ್ದು. ಗುರುಗಳು ಬಾಯಿ ಬಿಡುವ ಮೊದಲೇ ಮಗುವಿಗೆ ತಿಳಿದಿರುತ್ತದೆ.

ಎದುರಿಗೆ ಜೊತೆಗಾರ ಇರುವುದಕ್ಕೂ ಬೆಲೆಯಿದೆ. ಜರ್ಮನಿಯಲ್ಲಿ ಸೆಬಾಸ್ಟಿಯನ್ ಕಿರ್ಶ್ನರ್ ಮತ್ತು ಮೈಕೆಲ್ ಟೊಮಸೆಲ್ಲೊ 2009ರಲ್ಲಿ ಎರಡೂವರೆಯಿಂದ ನಾಲ್ಕೂವರೆ ವರ್ಷದ ಮಕ್ಕಳಿಗೆ ಡೋಲು ಬಾರಿಸಲು ಹೇಳಿದರು. ಧ್ವನಿವರ್ಧಕದ ಅಥವಾ ಯಂತ್ರದ ತಾಳಕ್ಕಿಂತ, ಎದುರು ಕುಳಿತ ಮನುಷ್ಯ ಬಾರಿಸಿದಾಗ ಮಕ್ಕಳು ಹೆಚ್ಚು ಸರಿಯಾಗಿ ಹೊಂದಿಕೊಂಡರು. ಮೊಬೈಲ್ ನೋಡಿ ಹೆಜ್ಜೆ ಕಲಿಸುವ ಪೋಷಕರು ಇದನ್ನು ಗಮನಿಸಬೇಕೆಂದು ನನಗನಿಸುತ್ತದೆ.

ಇನ್ನು ಜಡೆ ಕೋಲಾಟ. ಮೇಲಿನಿಂದ ಇಳಿಬಿಟ್ಟ ಬಣ್ಣದ ಹಗ್ಗಗಳನ್ನು ಒಂದು ಕೈಯಲ್ಲಿ ಹಿಡಿದು, ಒಬ್ಬರ ಒಳಗೆ ಇನ್ನೊಬ್ಬರ ಹೊರಗೆ ಸುತ್ತುತ್ತ ಮಕ್ಕಳು ಜಡೆ ಹೆಣೆಯುತ್ತಾರೆ. ಬಿಚ್ಚುವಾಗ ಹೆಣೆದ ಹೆಜ್ಜೆಗಳನ್ನೇ ಕೊನೆಯಿಂದ ಮೊದಲಿಗೆ ಹಾಕಬೇಕು. ಒಬ್ಬ ತಪ್ಪಿದರೂ ಹಗ್ಗ ಗಂಟಾಗುತ್ತದೆ. ಹೆಜ್ಜೆಗಳ ಸರಣಿಯನ್ನು ಉಲ್ಟಾ ನೆನಪಿನಲ್ಲಿಟ್ಟುಕೊಳ್ಳುವುದು ದೊಡ್ಡವರಿಗೂ ಕಷ್ಟ. ಮಕ್ಕಳು ಅದನ್ನು ತುಂಡು ತುಂಡಾಗಿ ಜೋಡಿಸಿ, ಆಮೇಲೆ ಒಂದೇ ಪಟ್ಟಿನಲ್ಲಿ ಮಾಡುತ್ತಾರೆ.

ದೂರದ ಐರ್ಲೆಂಡಿನಲ್ಲೂ ಪುಟ್ಟ ಮಕ್ಕಳು ಹೆಜ್ಜೆಕುಣಿತ ಕಲಿಯುತ್ತಾರೆ. 1994ರಲ್ಲಿ ಡಬ್ಲಿನ್‌ನ ಯೂರೋವಿಷನ್ ವೇದಿಕೆಯಲ್ಲಿ ‘ರಿವರ್‌ಡ್ಯಾನ್ಸ್’ ಪ್ರದರ್ಶನವಾದ ಮೇಲೆ ಅದು ಲೋಕಕ್ಕೆಲ್ಲ ಪರಿಚಯವಾಯಿತು. ಅಲ್ಲಿ ಕೈಗಳು ಸಾಮಾನ್ಯವಾಗಿ ಮೈಗೆ ಅಂಟಿಕೊಂಡಂತಿರುತ್ತವೆ, ಕೆಲಸವೆಲ್ಲ ಕಾಲಿನದು. ಗಟ್ಟಿ ಬೂಟಿನ ತುದಿ ಹಲಗೆಗೆ ತಾಗಿ ಹೊರಡಿಸುವ ಸದ್ದು ಅಲ್ಲಿನ ಮಗುವಿನ ತಪ್ಪು ಹೇಳುತ್ತದೆ. ನಮ್ಮಲ್ಲಿ ಆ ಕೆಲಸ ಕೋಲು ಮತ್ತು ಗೆಜ್ಜೆಯದು.

ಹಲಗೆಯ ಮಾತು ಬಂತಲ್ಲ, ನೆಲದ ಬಗ್ಗೆ ಹೇಳಲೇಬೇಕು. ತಾಂಡೂರಿನ ಗಣಿಗಳಿಂದ ಬರುವ ಸುಣ್ಣದಕಲ್ಲಿನ ಪರಸಿ ನಮ್ಮ ಅಂಗಳಗಳಿಗೂ ಗುಡಿಯ ಮುಂದೂ ಹಾಸಿರುತ್ತದೆ. ಅದು ತಂಪು, ಗಟ್ಟಿ, ಸುಲಭಕ್ಕೆ ಸವೆಯದು. ಆದರೆ ಬಗ್ಗದು. ಜಿಗಿದ ಕಾಲು ಎಷ್ಟು ಬೇಗ ನಿಲ್ಲುತ್ತದೋ ಅಷ್ಟು ಹೆಚ್ಚು ಬಲ ಎಲುಬಿನ ಮೇಲೆ ಬೀಳುತ್ತದೆ. ಹಲಗೆ, ಮಣ್ಣು ತುಸು ಒತ್ತಿಕೊಂಡು ಆ ಹೊತ್ತನ್ನು ಹಿಗ್ಗಿಸುತ್ತವೆ. ಪರಸಿಗೆ ಆ ಗುಣವಿಲ್ಲ. ಜಿಗಿತ ತಾನಾಗಿ ಕೆಟ್ಟದ್ದಲ್ಲ. 2001ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಆರರಿಂದ ಹತ್ತು ವರ್ಷದ ಮಕ್ಕಳು ಏಳು ತಿಂಗಳ ಕಾಲ, ವಾರಕ್ಕೆ 3 ದಿನ, ಎರಡಡಿ ಎತ್ತರದ ಪೆಟ್ಟಿಗೆಯಿಂದ 100 ಸಲ ಜಿಗಿದಿದ್ದರು. ಜಿಗಿಯದ ಮಕ್ಕಳಿಗಿಂತ ಅವರ ತೊಡೆಮೂಳೆಯ ಕತ್ತಿನಲ್ಲಿ ಖನಿಜಾಂಶ ಶೇಕಡಾ 4.5ರಷ್ಟು ಹೆಚ್ಚಿತ್ತು. ಬೆಳೆಯುವ ಎಲುಬು ಹೊರೆ ಕಂಡರೆ ಗಟ್ಟಿಯಾಗುತ್ತದೆ. ಆದರೆ ಎಂಟರಿಂದ ಹದಿನಾಲ್ಕರ ವಯಸ್ಸಿನಲ್ಲಿ ಹಿಮ್ಮಡಿಯ ಬೆಳವಣಿಗೆಯ ಭಾಗ ಇನ್ನೂ ಮೆದುವಾಗಿರುತ್ತದೆ. ವಿರಾಮವಿಲ್ಲದೆ ಕುಣಿಸಿದರೆ ಅಲ್ಲಿ ನೋವು ಬರುತ್ತದೆ. ಮಗು ‘ಹಿಮ್ಮಡಿ ನೋಯ್ತದೆ’ ಎಂದರೆ ನಂಬಿ, ಆಟ ನಿಲ್ಲಿಸಬೇಕು.

ಕೊಡಂಗಲ್, ಜಹೀರಾಬಾದ್, ನಾರಾಯಣಖೇಡ್ ಸುತ್ತಲಿನ ಶಾಲೆಗಳ ಗುರುಗಳಲ್ಲಿ ನನ್ನದೊಂದು ವಿನಂತಿ. ಕೋಲಾಟವನ್ನು ವಾರ್ಷಿಕೋತ್ಸವಕ್ಕಾಗಿ ಹತ್ತು ದಿನ ಅವಸರದಿಂದ ಕಲಿಸಬೇಡಿ. ವಾರಕ್ಕೆರಡು ಸಲ, ಮೈದಾನದ ಮಣ್ಣಿನ ಮೇಲೆ, ನಿಧಾನ ತಾಳದಿಂದ ಶುರು ಮಾಡಿ, ವರ್ಷವಿಡೀ ಆಡಿಸಿ.