ಗಾಜಿನೊಳಗಿನ ಮಂಜು

ಭಾನುವಾರ ಬೆಳಗಿನ ಆರೂವರೆಗೆ ಬಿ.ವಿ.ಕೆ. ಅಯ್ಯಂಗಾರ್ ರಸ್ತೆ ಬೇರೆಯೇ ಊರು. ಸ್ವಿಚ್ಚು, ವೈರು, ದೀಪ ಮಾರುವ ಅಂಗಡಿಗಳ ಷಟರುಗಳೆಲ್ಲ ಮುಚ್ಚಿರುತ್ತವೆ. ಅವುಗಳ ಮುಂದೆ ಟಾರ್ಪಾಲು, ಹಳೇ ಬೆಡ್‌ಶೀಟು, ಗೋಣಿಚೀಲ ಹಾಸಿಕೊಂಡು ಸಂಡೆ ಬಜಾರ್ ಕೂತಿರುತ್ತದೆ. ಒಂಟಿ ಷೂ, ಹಿಡಿ ಮುರಿದ ಸ್ಪ್ಯಾನರ್, ಯಾರದೋ ಮದುವೆಯ ಹೆಸರು ಕೊರೆದ ಸ್ಟೀಲ್ ಕೊಡ, ತಂತಿ ಹರಿದ ರೇಡಿಯೋ. ಮೊಬೈಲಿನ ಟಾರ್ಚು ಹಿಡಿದು ಬಗ್ಗಿ ನಡೆಯುವವರು ಒಂದು ಕಡೆ, ಚಹಾದ ಫ್ಲಾಸ್ಕು ತೂಗಿಕೊಂಡು ಸೈಕಲ್ ತಳ್ಳುವವರು ಇನ್ನೊಂದು ಕಡೆ.

ವಾಚುಗಳದ್ದು ಅಲ್ಯೂಮಿನಿಯಂ ತಟ್ಟೆಯಲ್ಲಿ ಒಂದು ರಾಶಿ. ಬೆಲ್ಟಿಲ್ಲದವು, ಗಾಜಿಲ್ಲದವು, ಮುಳ್ಳು ಉದುರಿ ಒಳಗೇ ಓಡಾಡುವವು. ಆ ರಾಶಿಯ ಅಡಿಯಿಂದ ಕೈಗೆ ಭಾರವಾಗಿ ಒಂದು ಬಂತು. ದಪ್ಪ ಉಕ್ಕಿನ ಬಾಡಿ, ಹೊಳೆಯ ನೀರು ಸವೆಸಿದ ಕಲ್ಲಿನ ಹಾಗೆ ಅಂಚೇ ಇಲ್ಲದ ನುಣುಪು. ಕೀ ಇರುವುದು ಮೂರರ ಎದುರಿಗಲ್ಲ, ನಾಲ್ಕರ ಎದುರಿಗೆ. ಗಾಜಿನ ಸುತ್ತ ತಿರುಗುವ ಕಪ್ಪು ಬಳೆ; ಅದು ಜಾಮ್ ಆಗಿತ್ತು. ಗಾಜಿನ ಒಳಮೈಯಲ್ಲಿ ಚಳಿಗಾಲದ ಬಸ್ಸಿನ ಕಿಟಕಿಯಂತೆ ಮಂಜು. ಟಾರ್ಚು ಓರೆ ಹಿಡಿದಾಗ ಮಂಜಿನ ಹಿಂದೆ ಮೂರು ಸಾಲು ಕಂಡವು: ಸೀಕೊ, ಆಟೊಮ್ಯಾಟಿಕ್, ನೀರು ತಡೆ 150 ಮೀಟರ್.

"ಅಣ್ಣ, ಜಪಾನ್ ಮಾಲು. ಅಲ್ಲಾಡಿಸಿ ನೋಡಿ, ಓಡ್ತದೆ," ಅಂದ ಹುಡುಗ.

ಅಲ್ಲಾಡಿಸಲಿಲ್ಲ. ಯಾಕೆ ಅನ್ನುವುದನ್ನು ಮುಂದೆ ಹೇಳುತ್ತೇನೆ. ಎಂಟುನೂರು ರೂಪಾಯಿ ಕೊಟ್ಟು, ಕರವಸ್ತ್ರದಲ್ಲಿ ಸುತ್ತಿ ಜೇಬಿಗಿಟ್ಟುಕೊಂಡೆ.

ಇದು ಸೀಕೊ 6309-7040. ಹಳೆಯ ವಾಚು ಕೂಡಿಡುವವರು ಇದನ್ನು ಆಮೆ ಅನ್ನುತ್ತಾರೆ. ಮೇಲಿನಿಂದ ನೋಡಿದರೆ ಹೌದು, ಆಮೆಯ ಚಿಪ್ಪೇ. 1976ರಿಂದ 1988ರವರೆಗೆ ತಯಾರಾದ ಮಾದರಿ. ಬೆನ್ನ ಮೇಲಿನ ಸೀರಿಯಲ್ ಸಂಖ್ಯೆಯ ಮೊದಲ ಅಂಕೆ ವರ್ಷದ ಕೊನೆಯ ಅಂಕೆ, ಎರಡನೆಯದು ತಿಂಗಳು. ನನ್ನದರಲ್ಲಿ 1 ಮತ್ತು 4 ಇತ್ತು: 1981ರ ಏಪ್ರಿಲ್. ಬೆನ್ನಿನ ನಡುವೆ ಎದ್ದು ಮುರಿಯುವ ಒಂದು ಅಲೆಯ ಚಿತ್ರ. ಅದರ ಗೆರೆಗಳ ಸಂದಿಯಲ್ಲಿ ಯಾರದೋ ಬೆವರು, ಯಾವುದೋ ಕಡಲಿನ ಉಪ್ಪು ಸೇರಿ ಗಟ್ಟಿಯಾದ ಕಪ್ಪು ಕೊಳೆ.

ನೀರಿಗೂ ವಾಚಿಗೂ ಹಗೆ ಹಳೆಯದು. 1927ರ ಅಕ್ಟೋಬರಿನಲ್ಲಿ ಮರ್ಸಿಡಿಸ್ ಗ್ಲೈಟ್ಸ ಎಂಬ ಇಂಗ್ಲೆಂಡಿನ ಈಜುಗಾರ್ತಿ ಇಂಗ್ಲಿಷ್ ಕಾಲುವೆಯ ಕೊರೆಯುವ ನೀರಿನಲ್ಲಿ ಹತ್ತು ಗಂಟೆಗೂ ಹೆಚ್ಚು ಹೊತ್ತು ಈಜಿದಾಗ ಅವಳ ಕೊರಳಲ್ಲಿ ಒಂದು ರೋಲೆಕ್ಸ್ ಆಯಿಸ್ಟರ್ ತೂಗುತ್ತಿತ್ತು. ಆ ದಿನ ಅವಳಿಗೆ ದಡ ಸಿಗಲಿಲ್ಲ. ವಾಚು ಮಾತ್ರ ಸರಿಯಾಗಿ ನಡೆಯುತ್ತಿತ್ತು. ಮುಳುಗುಗಾರರಿಗೆಂದೇ ತಿರುಗುವ ಬಳೆಯ ವಾಚುಗಳು ಬಂದದ್ದು 1953ರ ಸುಮಾರಿಗೆ, ಬ್ಲಾಂಪಾ ಮತ್ತು ರೋಲೆಕ್ಸ್‌ನಿಂದ. ಸೀಕೊ ತನ್ನ ಮೊದಲ ಡೈವಿಂಗ್ ವಾಚು ತಂದದ್ದು 1965ರಲ್ಲಿ. ಬಳೆಯ ಕೆಲಸ ಸರಳ: ನೀರಿಗಿಳಿಯುವಾಗ ಅದರ ತ್ರಿಕೋನವನ್ನು ನಿಮಿಷದ ಮುಳ್ಳಿಗೆ ಹೊಂದಿಸಿದರೆ ಎಷ್ಟು ಹೊತ್ತಾಯಿತು ಅನ್ನುವುದು ಒಂದು ನೋಟಕ್ಕೆ ತಿಳಿಯುತ್ತದೆ. ಬೆನ್ನ ಮೇಲಿನ ಸಿಲಿಂಡರಿನ ಗಾಳಿ ಮುಗಿಯುವ ಮೊದಲು ಮೇಲೆ ಬರಬೇಕಾದವನಿಗೆ ಆ ಒಂದು ನೋಟವೇ ಪ್ರಾಣ.

ನಾನು ವಾಚು ಒಯ್ದದ್ದು ಪೇಟೆಯ ಒಂದು ಓಣಿಗೆ. ಮೆಟ್ಟಿಲಿನ ಕೆಳಗಿನ ಜಾಗ, ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕು. ಗಾಜಿನ ಪೆಟ್ಟಿಗೆ, ಅದರ ಮೇಲೆ ಬಾಗಿದ ದೀಪ, ಗೋಡೆಯಲ್ಲಿ ಒಂದೊಂದು ಒಂದೊಂದು ಹೊತ್ತು ತೋರಿಸುವ ಗಡಿಯಾರಗಳು. ಅಲ್ಲಿ ಕೂರುವ ಹಿರಿಯರು ಜಾಲಹಳ್ಳಿಯ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿ ಬ್ಯಾಲೆನ್ಸ್ ಚಕ್ರ ಕೂರಿಸುತ್ತಿದ್ದವರು. ಜಪಾನಿನ ಸಿಟಿಜನ್ ಜೊತೆ ಕೈಜೋಡಿಸಿ 1961ರಲ್ಲಿ ಎಚ್‌ಎಂಟಿ ಬೆಂಗಳೂರಿನಲ್ಲಿ ಕೈಗಡಿಯಾರ ಮಾಡಲು ಹೊರಟಿತು; 2016ರಲ್ಲಿ ಆ ವಾಚ್ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು. ಫ್ಯಾಕ್ಟರಿ ಹೋಯಿತು, ಅದು ಕಲಿಸಿದ ಕೈಗಳು ಇಂಥ ಮೆಟ್ಟಿಲ ಕೆಳಗೆ ಉಳಿದವು. ಈ ನಗರ ಆ ಕೈಗಳನ್ನು ಇನ್ನಷ್ಟು ಆದರದಿಂದ ನೋಡಿಕೊಳ್ಳಬೇಕಿತ್ತು ಎಂದು ಅಲ್ಲಿ ನಿಂತಾಗಲೆಲ್ಲ ನನಗೆ ಅನ್ನಿಸುತ್ತದೆ.

ಅವರು ಕಣ್ಣಿಗೆ ಐಗ್ಲಾಸ್ ಸಿಕ್ಕಿಸಿಕೊಂಡು ನೋಡಿ, ಮೊದಲು ಕೇಳಿದ್ದು ಒಂದೇ ಪ್ರಶ್ನೆ.

"ಅಲ್ಲಾಡಿಸಿದಿರಾ?"

"ಇಲ್ಲ ಸಾರ್."

"ಒಳ್ಳೇದಾಯ್ತು."

ಈ ವಾಚಿಗೆ ಕೈಯಿಂದ ಕೀ ಕೊಡಲು ಬರುವುದಿಲ್ಲ. ಒಳಗೊಂದು ಅರ್ಧಚಂದ್ರದ ತೂಕವಿದೆ. ಕೈ ಆಡಿದಂತೆ ಅದು ತೂಗಿ ಸ್ಪ್ರಿಂಗ್ ಸುತ್ತುತ್ತದೆ. ಒಳಗೆ ತುಕ್ಕು ಹಿಡಿದಿದ್ದರೆ ಆ ತುಕ್ಕಿನ ಹುಡಿ ಪ್ರತಿ ತೂಗಿಗೂ ಹಲ್ಲುಚಕ್ರಗಳ ನಡುವೆ ಬಿದ್ದು ಉಪ್ಪುಕಾಗದದ ಕೆಲಸ ಮಾಡುತ್ತದೆ. ಓಡುತ್ತದೋ ಇಲ್ಲವೋ ನೋಡೋಣ ಎಂದು ಮಾರುವವನು, ಕೊಳ್ಳುವವನು, ಮನೆಯವರು ಎಲ್ಲರೂ ಅಲ್ಲಾಡಿಸಿಯೇ ಎಷ್ಟೋ ವಾಚುಗಳು ಮುಗಿದಿವೆ.

ಬೆನ್ನು ಸುಲಭಕ್ಕೆ ಬಿಚ್ಚಲಿಲ್ಲ. ಅಂಚಿಗೆ ಎಣ್ಣೆ ಬಿಟ್ಟು ಒಂದು ರಾತ್ರಿ ಇಟ್ಟರು. ಮರುದಿನ ಬಾಡಿಯನ್ನು ಹಿಡಿಕೆಯಲ್ಲಿ ಬಿಗಿದು, ಬೆನ್ನಿನ ಕಚ್ಚುಗಳಿಗೆ ಕೀಲಿ ಕೂರಿಸಿ, ಮೊಣಕೈಯಿಂದಲ್ಲ, ಹೆಗಲಿನಿಂದ ತಿರುಗಿಸಿದರು. ಕಿರ್ ಎಂದು ಒಂದು ಸದ್ದು. ಮೊದಲು ಬಂದದ್ದು ವಾಸನೆ: ಮುಚ್ಚಿದ ಬಾವಿಯ ಹಾಗೆ, ಹಳೆಯ ಕಬ್ಬಿಣದ ಹಾಗೆ. ಆಮೇಲೆ ಕಂಡದ್ದು ರಬ್ಬರ್ ವಾಷರ್. ವಾಷರ್ ಅನ್ನುವ ಹಾಗೇ ಇರಲಿಲ್ಲ. ಡಾಂಬರಿನಂತೆ ಕರಗಿ, ಮತ್ತೆ ಗಟ್ಟಿಯಾಗಿ, ಚಿಮಟದ ತುದಿಗೆ ಚೂರುಚೂರಾಗಿ ಎದ್ದು ಬಂತು.

"ಸಮುದ್ರ ಅಲ್ಲ ಇದನ್ನ ಕೊಂದಿದ್ದು," ಅಂದರು. "ಇದು."

ಹತ್ತು ಮೀಟರ್ ಆಳಕ್ಕೆ ಒಂದು ವಾತಾವರಣದಷ್ಟು ಒತ್ತಡ ಹೆಚ್ಚುತ್ತದೆ. 150 ಮೀಟರ್ ಅಂದರೆ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಸುಮಾರು 15 ಕಿಲೋ ಭಾರ. ಅದನ್ನೆಲ್ಲ ಹೊರಗಿಡುವುದು ಉಕ್ಕಲ್ಲ. ಬೆನ್ನಿಗೊಂದು, ಗಾಜಿಗೊಂದು, ಕೀಗೊಂದು ಇರುವ ರಬ್ಬರಿನ ತೆಳುವಾದ ಬಳೆಗಳು. ವರ್ಷ ಕಳೆದಂತೆ ಅವು ಸೆಡೆತು ಬಿರಿಯುತ್ತವೆ. ಆಗ ನೂರು ಮೀಟರ್ ಆಳವೇನೂ ಬೇಡ. ಬಿಸಿಲಲ್ಲಿ ಕಾದ ವಾಚನ್ನು ತಣ್ಣೀರಿನ ತೊಟ್ಟಿಗೆ ಅದ್ದಿದರೆ ಸಾಕು. ಒಳಗಿನ ಗಾಳಿ ತಣಿದು ಕುಗ್ಗುತ್ತದೆ, ಸಂದು ಸಿಕ್ಕಲ್ಲಿ ಹೊರಗಿನ ನೀರನ್ನು ಅದೇ ಹೀರಿಕೊಳ್ಳುತ್ತದೆ. ಕೀಯನ್ನು ತಿರುಪಿ ಬಿಗಿಯದೆ ಬಿಟ್ಟಿದ್ದರಂತೂ ಬಾಗಿಲು ತೆರೆದಿಟ್ಟಂತೆ.

ನೀರು ಬಂದ ದಾರಿ ಒಳಗೆ ಅಚ್ಚೊತ್ತಿದಂತೆ ಕಾಣುತ್ತಿತ್ತು. ಕೀ ಕಡೆಯಿಂದ ಹೊಕ್ಕು, ಡಯಲ್‌ನ ಕೆಳಗೆ ಹರಿದು, ವಾರ ತೋರುವ ಚಕ್ರದ ಅಂಚನ್ನು ಕಂದು ಮಾಡಿ, ಆರರ ಕಡೆ ಮಡುಗಟ್ಟಿ ನಿಂತಿತ್ತು. ಕೀಯ ರಾಡು ತುಕ್ಕಾಗಿ ಎರಡು ತುಂಡು. ಹಿತ್ತಾಳೆಯ ಪ್ಲೇಟಿಗೆ ಏನೂ ಆಗಿರಲಿಲ್ಲ, ಹದಿನೇಳು ಕೆಂಪು ಕಲ್ಲುಗಳಿಗೂ ಇಲ್ಲ. ಉಕ್ಕು ಇದ್ದಲ್ಲೆಲ್ಲ ಕುಂಕುಮ ಚೆಲ್ಲಿದಂತೆ ಹುಡಿ. ಬ್ಯಾಲೆನ್ಸನ್ನು ಎತ್ತಿ ಬೆಳಕಿಗೆ ಹಿಡಿದರು. ಹೇರ್‌ಸ್ಪ್ರಿಂಗಿನ ಸುರುಳಿ ಒಂದಕ್ಕೊಂದು ತಾಗದೆ, ಮಚ್ಚೆಯಿಲ್ಲದೆ ಉಳಿದಿತ್ತು. ಅವರು ಆ ದಿನ ಮೊದಲ ಬಾರಿ ನಕ್ಕರು.

ತೊಡಕಾದದ್ದು ಒಂದು ಸ್ಕ್ರೂ. ಕೀ ಪಕ್ಕದ್ದು, ಎಳ್ಳಿಗಿಂತ ಚಿಕ್ಕದು. ತಲೆ ಮುರಿದು ದೇಹ ಪ್ಲೇಟಿನೊಳಗೆ ಕಚ್ಚಿಕೊಂಡಿತು. ಡ್ರಿಲ್ ಹಾಕಿದರೆ ಹಿತ್ತಾಳೆಯೊಳಗಿನ ತಿರುಪಿನ ಮರೆ ಹೋಗುತ್ತದೆ, ಎಳೆಯಲು ಹಿಡಿತ ಸಿಗದು. ಅವರು ಎದ್ದು ಹೋಗಿ ಪಕ್ಕದ ಗ್ರಂಧಿಗೆ ಅಂಗಡಿಯಿಂದ ಪೊಟ್ಟಣ ತಂದರು. ಪಟಿಕ! ಕ್ಷೌರದ ಅಂಗಡಿಯಲ್ಲಿ ಗಲ್ಲಕ್ಕೆ ಉಜ್ಜುತ್ತಾರಲ್ಲ, ಅದೇ. ಗಾಜಿನ ಲೋಟದಲ್ಲಿ ಬಿಸಿನೀರು, ಅದರಲ್ಲಿ ಕರಗುವಷ್ಟೂ ಪಟಿಕದ ಪುಡಿ. ಪ್ಲೇಟಿನಿಂದ ಉಕ್ಕಿನ ಬಿಡಿಭಾಗಗಳನ್ನೆಲ್ಲ, ಒಂದು ಚೂರೂ ಉಳಿಯದಂತೆ, ತೆಗೆದಿಟ್ಟು ಬರೀ ಹಿತ್ತಾಳೆಯ ಬಿಲ್ಲೆಯನ್ನು ದಾರ ಕಟ್ಟಿ ಇಳಿಬಿಟ್ಟರು. ಪಟಿಕದ ನೀರಿನ ಹುಳಿ ಕಬ್ಬಿಣವನ್ನು ತಿನ್ನುತ್ತದೆ, ಹಿತ್ತಾಳೆಯ ಗೊಡವೆಗೆ ಹೋಗುವುದಿಲ್ಲ. ಸ್ವಲ್ಪ ಹೊತ್ತಿಗೆ ಆ ಚಿಕ್ಕ ರಂಧ್ರದಿಂದ ಸಾಸಿವೆಗಿಂತ ಸಣ್ಣ ಗುಳ್ಳೆಗಳ ಸಾಲು ಏಳತೊಡಗಿತು. ನೀರು ಆರಿದಾಗ ಮತ್ತೆ ಬಿಸಿ ಮಾಡಿದರು. ಎರಡನೇ ದಿನ ಸಂಜೆ ಗುಳ್ಳೆ ನಿಂತವು. ತೆಗೆದು ತೊಳೆದು ದೀಪಕ್ಕೆ ಹಿಡಿದರೆ ರಂಧ್ರದ ಮರೆಗಳು ಒಂದೂ ಕೆಡದೆ, ಹೊಸ ಹಿತ್ತಾಳೆಯ ಬಣ್ಣದಲ್ಲಿ ಹೊಳೆದವು. ಕೋಟಿ ರೂಪಾಯಿಯ ಯಂತ್ರ ಇಟ್ಟುಕೊಂಡವರೂ ಈ ಕೆಲಸಕ್ಕೆ ಇದಕ್ಕಿಂತ ಹಿತವಾದ ದಾರಿ ತೋರಿಸಲಾರರು ಎಂದೇ ನನ್ನ ನಂಬಿಕೆ.

ಬಿಡಿಭಾಗಕ್ಕೆ ಕಷ್ಟವಾಗಲಿಲ್ಲ. ಇದೇ 6309 ಮೆಷಿನ್ ಸಾಧಾರಣ ಸೀಕೊ 5 ವಾಚುಗಳಲ್ಲೂ ಇದೆ. ಡಬ್ಬಿಯಲ್ಲಿದ್ದ ಅಂಥದೊಂದರಿಂದ ಚಿಕ್ಕ ಭಾಗಗಳು ಬಂದವು. ಕೀ, ಗಾಜು, ವಾಷರುಗಳನ್ನು ಹೊಸದಾಗಿ ತರಿಸಿದೆವು.

ಡಯಲ್ ವಿಷಯಕ್ಕೆ ಮಾತ್ರ ಸ್ವಲ್ಪ ಹೊತ್ತು ಕೂತು ಯೋಚಿಸಬೇಕಾಯಿತು. ಕತ್ತಲಲ್ಲಿ ಬೆಳಗಲೆಂದು ಹಚ್ಚಿದ ದುಂಡನೆಯ ಚುಕ್ಕೆಗಳು ನೀರು ಕುಡಿದು ಪಾಚಿಬಣ್ಣಕ್ಕೆ ತಿರುಗಿದ್ದವು. ಆರರ ಬಳಿ ಕಪ್ಪು ಬಣ್ಣ ಬಿರಿದು ನೀರು ನಿಂತ ಗೆರೆ ಉಳಿದಿತ್ತು. ಹೊಸ ಬಣ್ಣ ಹೊಡೆಸುವುದು ಸುಲಭ. ನಮ್ಮ ಸೆಕೆಂಡ್‌ಹ್ಯಾಂಡ್ ಬಜಾರುಗಳಲ್ಲಿ ಹಾಗೆ ಬಣ್ಣ ಬಳಿದು, ಅಕ್ಷರ ಅಚ್ಚೊತ್ತಿ ಮಾರುವ ಡಯಲುಗಳು ಎಷ್ಟೋ ಇವೆ. ದೂರದಿಂದ ಥಳಥಳ, ಹತ್ತಿರ ಹಿಡಿದರೆ ಅಕ್ಷರದ ಅಂಚು ಹಬ್ಬಿರುತ್ತದೆ. ಅದು ರಿಪೇರಿಯಲ್ಲ, ವಾಚಿನ ಬದುಕನ್ನು ಅಳಿಸುವುದು. ಓಡಬೇಕಾದ್ದನ್ನು ಓಡಿಸಬೇಕು, ನೀರು ತಡೆಯಬೇಕಾದ್ದನ್ನು ಹೊಸದು ಹಾಕಬೇಕು, ಮುಖವನ್ನು ಇದ್ದಂತೆ ಬಿಡಬೇಕು. ಹಿರಿಯರೂ ಅದನ್ನೇ ಹೇಳಿದರು. ಉದುರುವ ಹುಡಿಯನ್ನಷ್ಟೇ ಅಳಿಲು ಬಾಲದಂಥ ಮೆತ್ತನೆಯ ಬ್ರಷ್ಷಿನಿಂದ ಸವರಿ ತೆಗೆದು, ಡಯಲನ್ನು ಹಾಗೇ ಕೂರಿಸಿದರು.

ಜೋಡಿಸುವ ದಿನ ಮಧ್ಯಾಹ್ನ ಮಳೆ. ಓಣಿಯಲ್ಲಿ ಗಿರಾಕಿ ಇಲ್ಲ. ದೀಪದ ಕೆಳಗೆ ಒಂದೊಂದೇ ಚಕ್ರ ತನ್ನ ಕಲ್ಲಿನ ಕುಳಿಗೆ ಇಳಿಯಿತು. ಸೂಜಿತುದಿಯ ಎಣ್ಣೆ, ಒಂದು ಕಲ್ಲಿಗೆ ಕಣ್ಣಿಗೆ ಕಾಣುವಷ್ಟೂ ಇಲ್ಲ. ತೂಕದ ಕೆಳಗೆ ಎರಡು ತೋಳಿನ ಒಂದು ಸಣ್ಣ ಸನ್ನೆ ಇದೆ. 1959ರಲ್ಲಿ ಸೀಕೊ ತಂದ ಮ್ಯಾಜಿಕ್ ಲಿವರ್. ತೂಕ ಎಡಕ್ಕೆ ಹೋದರೆ ಒಂದು ತೋಳು ಹಲ್ಲನ್ನು ಎಳೆಯುತ್ತದೆ, ಬಲಕ್ಕೆ ಬಂದರೆ ಇನ್ನೊಂದು ತಳ್ಳುತ್ತದೆ. ಯಾವ ಕಡೆ ತೂಗಿದರೂ ಸ್ಪ್ರಿಂಗ್ ಸುತ್ತಿಕೊಳ್ಳುವುದು ಒಂದೇ ದಿಕ್ಕಿಗೆ.

ಬ್ಯಾಲೆನ್ಸ್ ಇಳಿಸಿ, ಸೇತುವೆಯ ಸ್ಕ್ರೂ ಬಿಗಿಯುವ ಮೊದಲೇ ಅದು ಉಸಿರು ಹಿಡಿಯಿತು. ಸೆಕೆಂಡಿಗೆ 6 ಬಡಿತ, ಗಂಟೆಗೆ 21,600. ಇಬ್ಬರೂ ಮಾತಾಡದೆ ಬಗ್ಗಿ ಕೇಳಿದೆವು. ಹೊರಗೆ ಮಳೆಯ ಸದ್ದಿನ ನಡುವೆಯೂ ಕೇಳುತ್ತಿತ್ತು.

ತಾರೀಖು ಹೊಂದಿಸಿ ವಾರ ತಿರುಗಿಸುವಾಗ, ಕಿಟಕಿಯಲ್ಲಿ ಇಂಗ್ಲಿಷ್ ಹೆಸರು ಸರಿದು ಅರಬ್ಬಿ ಲಿಪಿ ಮೇಲೆ ಬಂತು. ಕೊಲ್ಲಿ ದೇಶಗಳ ಅಂಗಡಿಗಳಿಗೆ ಮಾಡಿದ ಚಕ್ರ ಅದು. ಭಟ್ಕಳ, ಉಡುಪಿ, ಮಂಗಳೂರಿನ ಎಷ್ಟೋ ಮನೆಗಳಿಗೆ ಎಂಬತ್ತರ ದಶಕದಲ್ಲಿ ದುಡಿಯಲು ಹೋದ ಅಣ್ಣಂದಿರು, ಮಾವಂದಿರು ಸೆಂಟಿನ ಬಾಟಲಿ, ಟೇಪ್‌ರೆಕಾರ್ಡರ್ ಜೊತೆ ತಂದ ವಾಚುಗಳಲ್ಲಿ ಸೀಕೊ ಇರುತ್ತಿತ್ತು. ಇದನ್ನು ತಂದವರು ಯಾರೋ. ಬೆನ್ನ ಸಂದಿಯ ಉಪ್ಪು ಯಾವ ಕಡಲಿನದೋ. ವಾರದ ಚಕ್ರವನ್ನೂ ಬದಲಿಸಲಿಲ್ಲ. ಅಂಚಿನ ಕಂದು ಕಲೆಯ ಸಮೇತ ಅದು ಅಲ್ಲೇ ಇದೆ.

ಕೊನೆಗೆ ಪರೀಕ್ಷೆ. ವಾಷರುಗಳಿಗೆ ಗ್ರೀಸ್ ಸವರಿ, ಬೆನ್ನು ಬಿಗಿದು, ಕೀ ತಿರುಪಿ, ವಾಚನ್ನು ಬೆಚ್ಚಗಿನ ತಗಡಿನ ಮೇಲೆ ಇಟ್ಟರು. ನಲವತ್ತು ಡಿಗ್ರಿ ದಾಟಬಾರದಷ್ಟು, ಹಸುಗೂಸಿಗೆ ಎರೆಯುವ ನೀರಿನ ಬಿಸಿ. ಹತ್ತು ನಿಮಿಷದ ಮೇಲೆ ಗಾಜಿನ ನಡುವೆ ತಣ್ಣೀರಿನ ಒಂದು ಹನಿ. ಒಳಗೆ ತೇವ ಉಳಿದಿದ್ದರೆ ಆ ಹನಿಯ ಕೆಳಗೆ ಮಂಜು ಕಟ್ಟುತ್ತದೆ. ಒಂದು ನಿಮಿಷ ಕಾದು, ಹನಿ ಒರೆಸಿ, ದೀಪ ಓರೆ ಮಾಡಿದರು.

ಗಾಜು ತಿಳಿಯಾಗಿತ್ತು.

"ಮಳೇಲಿ ಹಾಕ್ಕೊಂಡು ಹೋಗಿ, ಕೈ ತೊಳೀರಿ. ಈಜೋಕೆ ಬೇಡ," ಅಂದರು. ನಲವತ್ತು ವರ್ಷ ದಾಟಿದ ವಾಚಿಗೆ ಡಯಲ್ ಮೇಲಿನ 150 ಈಗ ಲೆಕ್ಕಕ್ಕಿಲ್ಲ. ಅವರ ಮಾತು ನಾನು ಮೀರಿಲ್ಲ. ದಿನಕ್ಕೆ ಹತ್ತು ಸೆಕೆಂಡು ಮುಂದೆ ಓಡುತ್ತದೆ; 86,400 ಸೆಕೆಂಡಿನಲ್ಲಿ ಹತ್ತು.

ನಿಮ್ಮ ಮನೆಯ ಬೀರುವಿನಲ್ಲಿ ಅಪ್ಪನದೋ ಮಾವನದೋ ಇಂಥ ವಾಚಿದ್ದು, ಗಾಜಿನೊಳಗೆ ಮಂಜು ಕಂಡರೆ ಅಕ್ಕಿ ಡಬ್ಬಿಯಲ್ಲಿ ಹೂಳಬೇಡಿ, ಬಿಸಿಲಿಗೆ ಇಡಬೇಡಿ, ಅಲ್ಲಾಡಿಸಿ ನೋಡಬೇಡಿ. ತುಕ್ಕು ನಾಳೆಗೆ ಕಾಯುವುದಿಲ್ಲ. ಅವತ್ತೇ ರಿಪೇರಿಯವರ ಹತ್ತಿರ ಒಯ್ದು ಬೆನ್ನು ತೆಗೆಸಿ.