ದನಿಯ ಪೆಟ್ಟಿಗೆ ಮತ್ತು ಕೀಲಿಕೈ

ನನ್ನ ತಾಯಿ ತೀರಿಕೊಂಡು ಬಹಳ ವರ್ಷಗಳಾದವು. ಅವರ ದನಿ ಮಾತ್ರ ಒಂದು ಕ್ಯಾಸೆಟ್ಟಿನಲ್ಲಿ ಉಳಿದಿತ್ತು. 1983ರಲ್ಲಿ, ಮನೆಯ ಮದುವೆಯೊಂದರ ಹಿಂದಿನ ದಿನ, ಅವರು ಹಾಡಿದ ಸೋಬಾನೆ ಪದಗಳು ಅವು. ಹಾಡಿನ ಜೊತೆಗೆ ಹಿತ್ತಲ ಕಾಗೆಗಳ ಕೂಗೂ ಟೇಪಿನ 'ಸುಯ್' ಎಂಬ ಸದ್ದೂ ಸೇರಿಕೊಂಡಿವೆ. ಆ ದನಿಯನ್ನು ಕಾಪಾಡಲು ಹೊರಟಾಗ ನಾನು ಕಲಿತ ಪಾಠವೊಂದನ್ನು ಇಂದು ತಮ್ಮ ಮುಂದಿಡಬೇಕೆಂದಿದ್ದೇನೆ.

ಮೊದಲು ನನ್ನ ತಪ್ಪನ್ನು ಹೇಳಿಬಿಡುತ್ತೇನೆ. ಹಣ ಕೊಟ್ಟು ಕೊಂಡ ತಂತ್ರಾಂಶವೊಂದರ ಮೂಲಕ ಹಾಡುಗಳನ್ನು ಕಂಪ್ಯೂಟರಿಗೆ ಇಳಿಸಿದೆ. ಅದು ಕಡತವನ್ನು ತನಗೊಂದಕ್ಕೇ ತಿಳಿಯುವ ಬಗೆಯಲ್ಲಿ ಬರೆದಿಟ್ಟಿತು. ಕಾಲಕ್ರಮದಲ್ಲಿ ತಯಾರಕರು ಅದನ್ನು ಕೈಬಿಟ್ಟರು. ನನ್ನ ಹಳೆಯ ಯಂತ್ರವೂ ಕೆಟ್ಟಿತು. ಹೊಸ ಯಂತ್ರದಲ್ಲಿ ಕಡತ ತೆರೆಯಲೇ ಇಲ್ಲ. ಪೆಟ್ಟಿಗೆ ನನ್ನ ಮನೆಯಲ್ಲಿತ್ತು. ಕೀಲಿಕೈ ಊರು ಬಿಟ್ಟವನ ಬಳಿಯಿತ್ತು. ಕ್ಯಾಸೆಟ್ಟನ್ನು ಎಸೆಯದೆ ಉಳಿಸಿಕೊಂಡಿದ್ದುದೇ ಪುಣ್ಯ.

ಆಗ ಸ್ನೇಹಿತರೊಬ್ಬರು 'ಅಡಾಸಿಟಿ'ಯನ್ನು ಪರಿಚಯಿಸಿದರು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಡಾಮಿನಿಕ್ ಮಜ್ಜೋನಿ ಎಂಬ ವಿದ್ಯಾರ್ಥಿಯೂ ರೋಜರ್ ಡ್ಯಾನೆನ್‌ಬರ್ಗ್ ಎಂಬ ಪ್ರಾಧ್ಯಾಪಕರೂ ಆರಂಭಿಸಿದ ಈ ತಂತ್ರಾಂಶ 2000ದ ಮೇ ತಿಂಗಳಲ್ಲಿ ಲೋಕದ ಕೈಸೇರಿತು. ಇದಕ್ಕೆ ಬೆಲೆಯಿಲ್ಲ. ಅದಕ್ಕಿಂತ ಹಿರಿದಾದ ಗುಣವೆಂದರೆ, ಇದರ ಒಳಗಿನ ಬರಹವೆಲ್ಲ ಬಯಲಾಗಿದೆ. ಬಲ್ಲವರು ಅದನ್ನು ಓದಬಹುದು, ತಿದ್ದಬಹುದು, ಹಂಚಬಹುದು. ತಿದ್ದಿ ಹಂಚುವವರು ಅದೇ ಹಕ್ಕನ್ನು ಮುಂದಿನವರಿಗೂ ಬಿಟ್ಟುಕೊಡಬೇಕು. ಇಂಥವನ್ನೇ ಮುಕ್ತ ತಂತ್ರಾಂಶಗಳೆನ್ನುತ್ತಾರೆ.

ಇದು ಕೆಲಸ ಮಾಡುವ ಬಗೆ ಸ್ವಾರಸ್ಯಕರವಾದುದು. ಧ್ವನಿಯ ಏರಿಳಿತವನ್ನು ಕಂಪ್ಯೂಟರು ಸಾಮಾನ್ಯವಾಗಿ ಸೆಕೆಂಡಿಗೆ 44,100 ಬಾರಿ ಅಳೆದು ಅಂಕಿಗಳಾಗಿ ಬರೆದುಕೊಳ್ಳುತ್ತದೆ. ಆ ಅಂಕಿಗಳು ತೆರೆಯ ಮೇಲೆ ಅಲೆಗಳಾಗಿ ಮೂಡುತ್ತವೆ. ಟೇಪಿನ ಸದ್ದನ್ನು ತಗ್ಗಿಸಬೇಕಾದರೆ, ಹಾಡಿಲ್ಲದೆ ಬರಿಯ ಸದ್ದಷ್ಟೇ ಇರುವ ಒಂದು ತುಣುಕನ್ನು ಮೊದಲು ತೋರಿಸಬೇಕು. ಯಾವ ಯಾವ ಸ್ಥಾಯಿಯಲ್ಲಿ ಆ ಸದ್ದು ಎಷ್ಟಿದೆಯೆಂದು ತಂತ್ರಾಂಶ ಗುರುತಿಟ್ಟುಕೊಂಡು, ಹಾಡಿನ ಉದ್ದಕ್ಕೂ ಆ ಮಟ್ಟಕ್ಕಿಂತ ಕೆಳಗಿರುವುದನ್ನು ತಗ್ಗಿಸುತ್ತದೆ.

ಆಸೆಗೆ ಬಿದ್ದು ನಾನು ವಿಪರೀತ ಶುಚಿ ಮಾಡಿದೆ. ಸುಯ್ಯೆಂಬ ಸದ್ದು ಹೋಯಿತು. ಅದರೊಡನೆ ಸಾಲು ಸಾಲಿನ ನಡುವೆ ತಾಯಿ ಎಳೆದುಕೊಳ್ಳುತ್ತಿದ್ದ ಉಸಿರೂ ಹೋಯಿತು. ಉಳಿದ ದನಿ ತಗಡಿನಿಂದ ಬಂದಂತಿತ್ತು. ಗಾಬರಿಯಿಂದ ಹಿಂದಿನ ಸ್ಥಿತಿಗೆ ಮರಳಿಸಿ, ಸದ್ದನ್ನು ಅರೆಪಾಲು ಮಾತ್ರ ತಗ್ಗಿಸಿದೆ. ಕಾಗೆಗಳ ಗೊಡವೆಗೆ ಹೋಗಲಿಲ್ಲ.

ಮುಕ್ತವಾದುದಕ್ಕೂ ಕಷ್ಟಗಳು ತಪ್ಪಿದ್ದಲ್ಲ. 2021ರಲ್ಲಿ ಅಡಾಸಿಟಿ ಮ್ಯೂಸ್ ಗ್ರೂಪ್ ಎಂಬ ಸಂಸ್ಥೆಯ ವಶಕ್ಕೆ ಬಂತು. ಬಳಕೆಯ ವಿವರಗಳನ್ನು ಸಂಗ್ರಹಿಸುವ ಯೋಜನೆ ಹೊರಬಿದ್ದಾಗ ಬಳಕೆದಾರರು ಪ್ರತಿಭಟಿಸಿದರು. ಯೋಜನೆ ಹಿಂದೆ ಸರಿಯಿತು. ಆ ವರ್ಷವೇ ಕೆಲವರು ಬಯಲಲ್ಲಿದ್ದ ಮೂಲಬರಹವನ್ನೇ ತೆಗೆದುಕೊಂಡು 'ಟೆನಾಸಿಟಿ' ಎಂಬ ಬೇರೊಂದು ಕವಲನ್ನು ಬೆಳೆಸತೊಡಗಿದರು. ಯಜಮಾನ ಬದಲಾದರೂ ಕೀಲಿಕೈ ಜನರ ಕೈಯಲ್ಲೇ ಉಳಿದಿತ್ತು.

ಈಗ ಆ ಹಾಡುಗಳನ್ನು 'ಫ್ಲ್ಯಾಕ್' ಎಂಬ ಮುಕ್ತ ಮಾದರಿಯಲ್ಲಿ ಉಳಿಸಿ, ಪ್ರತಿಗಳನ್ನು ಅಕ್ಕತಂಗಿಯರ ಮನೆಗಳಿಗೂ ಕೊಟ್ಟಿದ್ದೇನೆ. ಯೋಚಿಸಿದರೆ, ಸೋಬಾನೆ ಪದಗಳು ಬದುಕಿ ಬಂದದ್ದೂ ಹೀಗೆಯೇ. ಅವುಗಳಿಗೆ ಒಡೆಯರಿಲ್ಲ. ಕೇಳಿದವರು ಕಲಿತರು, ಕಲಿತವರು ಒಂದು ನುಡಿ ಸೇರಿಸಿದರು, ಮುಂದಿನವರಿಗೆ ದಾಟಿಸಿದರು. ನನ್ನ ತಾಯಿಗೆ ಕಂಪ್ಯೂಟರೆಂದರೆ ಏನೆಂದು ತಿಳಿದಿರಲಿಲ್ಲ. ಈ ಧರ್ಮ ಮಾತ್ರ ಚೆನ್ನಾಗಿ ತಿಳಿದಿತ್ತು.